ನಾನು ಓದದ ವಾಕ್ಯ

ಬಡವರಿಗೆ ಸಾಹುಕಾರರ ಮೇಲೆ, ಬಂಜೆಯರಿಗೆ ಬಸುರಿಯರ ಮೇಲೆ ಹೊಟ್ಟೆಕಿಚ್ಚು ಹುಟ್ಟುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹುಟ್ಟಿದ್ದು ಒಡಹುಟ್ಟಿದ ತಂಗಿಯ ಮೇಲೆ, ಅದೂ ದೇವರು ನನ್ನನ್ನು ಬಿಟ್ಟು ಅವಳನ್ನು ಕರೆದ ಎಂಬ ಕಾರಣಕ್ಕೆ. ಹೇಳಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಬೇಡಿ. ಊರವರೆಲ್ಲರ ಮುಂದೆ ನಿಂತು ಒಮ್ಮೆ ಒಪ್ಪಿಕೊಂಡಾಗಿದೆ, ನನ್ನ ಪಾಲಿನ ನಾಚಿಕೆ ಅಂದೇ ತೀರಿತು. ಈಗ ಎಪ್ಪತ್ತೆಂಟು ವರ್ಷ ನನಗೆ. ಇಂಗ್ಲೆಂಡಿನ ರಾಜನ ಆಳ್ವಿಕೆ ಹೋಗಿ ನಮ್ಮವರ ಆಳ್ವಿಕೆಯೂ ಬಂತು. ಯಾರ ಭಯ?

ಆಗ ನನಗೆ ಮೂವತ್ತೈದು. ಬಾಸ್ಟನ್ ನಗರದ ಉತ್ತರಕ್ಕೆ, ಮೆರಿಮ್ಯಾಕ್ ಹೊಳೆಯ ದಂಡೆಯ ಕೋಲ್ಡ್‌ವೆಲ್ ಊರಿನಲ್ಲಿ ನನ್ನ ಗಂಡ ಆಸಾ ಪೆಲ್ಟನ್ ಪೀಪಾಯಿ ಮಾಡುವವರು. ಅವರು ಮಾಡಿದ ಪೀಪಾಯಿಯಿಂದ ಒಂದು ಹನಿ ಸೋರಿದ್ದನ್ನು ಯಾರೂ ಕಂಡಿಲ್ಲ. ಅವರ ಬಾಯಿಯೂ ಹಾಗೇ, ಒಂದು ಮಾತು ಸೋರುತ್ತಿರಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಅವರು ನನ್ನೊಡನೆ ಆಡಿದ್ದೆಲ್ಲ ಓಕ್ ಹಲಗೆ, ಕಬ್ಬಿಣದ ಪಟ್ಟಿ, ಜೋಳದ ಗಂಜಿಗೆ ಉಪ್ಪು ಸಾಲದು, ಇಷ್ಟೇ. ಮಕ್ಕಳಾಗಲಿಲ್ಲ. ಒಳ್ಳೆಯ ಮನುಷ್ಯ, ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೂ ನನ್ನ ಮತ್ತು ಅವರ ನಡುವೆ ಒಂದು ಬಾಗಿಲಿತ್ತು.

ಸುಮ್ಮನೆ ಮಾತಿಗೆ ಹೇಳಿದ ಬಾಗಿಲಲ್ಲ, ನಮ್ಮ ಸಭಾಮಂದಿರದ ನಿಜವಾದ ಮರದ ಬಾಗಿಲು. ಸಬ್ಬತ್ ದಿನ, ಅಂದರೆ ಭಾನುವಾರ, ಪಾದ್ರಿಗಳ ಪ್ರಸಂಗ ಕೇಳಲು ಊರಿನವರೆಲ್ಲ ಬರಬೇಕು, ಬಾರದಿದ್ದರೆ ದಂಡ. ಆದರೆ ಆರು ವಾರಕ್ಕೊಮ್ಮೆ ಕರ್ತನ ಭೋಜನದ ದಿನ, ಪ್ರಸಂಗ ಮುಗಿದ ಮೇಲೆ, ರೊಟ್ಟಿ ದ್ರಾಕ್ಷಾರಸಕ್ಕೆ ಕೃಪೆ ಸಿಕ್ಕವರು ಮಾತ್ರ ಉಳಿಯಬೇಕು. ಮಿಕ್ಕವರೆಲ್ಲ ಎದ್ದು ಹೊರಗೆ. ಯಾರೆಲ್ಲ ಎನ್ನುತ್ತೀರಿ? ಮೂಗು ಸೋರಿಸುವ ಮಕ್ಕಳು, ಆಳುಗಳು, ಪ್ರಸಂಗದಲ್ಲಿ ಗೊರಕೆ ಹೊಡೆಯುವ ದೋಣಿಯವನು, ಮತ್ತು ಪೀಪಾಯಿ ಆಸಾನ ಹೆಂಡತಿ ಜೆರೂಶಾ. ನಾನು ಏಳುವಾಗ ನನ್ನ ಗಂಡ ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಒಮ್ಮೆಯೂ ನನ್ನತ್ತ ನೋಡಲಿಲ್ಲ. ನೋಡಿದರೆ ನನಗೆ ನೋವಾಗುತ್ತದೆ ಎಂದು ನೋಡುತ್ತಿರಲಿಲ್ಲವಂತೆ. ನೋಡದಿದ್ದರೆ ಆಗುವ ನೋವಿನ ಲೆಕ್ಕ ಅವರಿಗೆ ತಿಳಿಯದು. ಜನವರಿಯ ಹಿಮದಲ್ಲಿ ಕಾಲು ಕುಟ್ಟುತ್ತ ಹೊರಗೆ ನಿಂತು, ಒಳಗಿನಿಂದ ಬರುವ ಕೀರ್ತನೆ ಕೇಳುತ್ತ ಹನ್ನೊಂದು ವರ್ಷ ಕಳೆದೆ.

ಒಳ್ಳೆಯವಳಾಗಿದ್ದರೆ ಕೃಪೆ ಸಿಗುತ್ತದೆ ಎಂದುಕೊಂಡರೆ ತಪ್ಪು. ದೇವರು ತಾನಾಗಿ ಬಂದು ಎದೆಯನ್ನು ಮುಟ್ಟಬೇಕು, ಮುಟ್ಟಿದ್ದಕ್ಕೆ ಗುರುತು ಬೇಕು. ಎಂದು, ಎಲ್ಲಿ, ಹೇಗೆ ಎಂದು ಪಾದ್ರಿಗಳಿಗೆ ಸಾಕ್ಷಿ ಹೇಳಬೇಕು. ಗುರುತುಗಳಲ್ಲೆಲ್ಲ ದೊಡ್ಡದು ಯಾವುದೆಂದರೆ, ವೇದದ, ಅಂದರೆ ನಮ್ಮ ಬೈಬಲ್ಲಿನ, ಒಂದು ವಾಕ್ಯ, ಯಾರೂ ಓದದೆ, ಯಾರೂ ನೆನಪಿಸದೆ, ಇದ್ದಕ್ಕಿದ್ದಂತೆ ಒಳಗೆ ಬಂದು ಕೇಳಿಸುವುದು. ಆಗತಾನೆ ಯಾರೋ ಓದಿದ್ದು ಕಿವಿಗೆ ಬಿದ್ದು ಆಮೇಲೆ ನೆನಪಾದರೆ ಅದು ಕೃಪೆಯಲ್ಲ, ಬರೀ ಜ್ಞಾಪಕ. ಗಿಣಿಗೂ ಜ್ಞಾಪಕವಿದೆ ಎನ್ನುತ್ತಿದ್ದರು ನಮ್ಮ ಪಾದ್ರಿ ವಿಲ್‌ಬೋರ್.

ಆ ವಾಕ್ಯಕ್ಕಾಗಿ ನಾನು ಮಾಡದ್ದಿಲ್ಲ. ಉಪವಾಸ ಮಾಡಿದೆ. ಟರ್ನಿಪ್ ಗಡ್ಡೆ ತುಂಬಿದ ನೆಲಮಾಳಿಗೆಯಲ್ಲಿ ಒಬ್ಬಳೇ ಮಂಡಿಯೂರಿ ಕೂತೆ. ನನಗೆ ಬಂದದ್ದು ನೆಗಡಿ. ಆಸಾ ದಿನವೂ ಊಟಕ್ಕೆ ಮುಂಚೆ ಗಟ್ಟಿಯಾಗಿ ಪ್ರಾರ್ಥನೆ ಮಾಡುವರು, ಈ ಹೆಂಗಸಿನ ಕಲ್ಲುಮನಸ್ಸನ್ನು ಕರಗಿಸು ಕರ್ತನೇ ಎಂದು. ಆ ಹೆಂಗಸು ಪಕ್ಕದಲ್ಲೇ ಕೂತು, ತಣ್ಣಗಾಗುತ್ತಿರುವ ಬೀನ್ಸ್ ನೋಡುತ್ತ ಆಮೆನ್ ಅನ್ನಬೇಕು.

ಇಂಥ ಮನೆಗೆ ನನ್ನ ತಂಗಿ ಹಲ್ಡಾ ಬಂದಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ನಾನೇ ದಿಕ್ಕು. ಬೇಡ ಎನ್ನಲಿಲ್ಲ. ಎತ್ತಿ ಆಡಿಸಿದ ಮಗು, ಹೇಗೆ ಬೇಡ ಎನ್ನಲಿ? ಆದರೆ ಅವಳು ಎಂಥವಳೆಂದರೆ, ರೊಟ್ಟಿ ಒಲೆಯಲ್ಲಿಟ್ಟು ಕಿಟಕಿಯಲ್ಲಿ ಹಕ್ಕಿ ನೋಡುತ್ತ ನಿಲ್ಲುವಳು. ರೊಟ್ಟಿ ಕರಕಲಾದರೆ ತಾನೇ ಮೊದಲು ನಗುವಳು, ಅವಳ ನಗು ಕೇಳಿ ಎಲ್ಲರೂ ನಗುವರು. ನಾನು ಸುಟ್ಟಿದ್ದರೆ? ಅಮ್ಮ ಇದ್ದಾಗಲೂ ಇದೇ ಕಥೆ. ನಾನು ಹಾಲು ಕರೆದರೆ ಅದು ಕೆಲಸ, ಹಲ್ಡಾ ಹಾಲು ಚೆಲ್ಲಿದರೆ ಅದು ಮುದ್ದು. ಅವಳಿಗೆ ಅದರ ಗರ್ವವೂ ಇರಲಿಲ್ಲ. ಒಂದಿಷ್ಟು ಗರ್ವ ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಕ್ಟೋಬರಿನ ಒಂದು ಗುರುವಾರ, ಅವಳು ಕೊಟ್ಟಿಗೆಯಲ್ಲಿ ಅಗಸೆನಾರು ಬಾಚುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಸೇಬು ಹೆಚ್ಚಿ ಒಣಹಾಕಲು ದಾರಕ್ಕೆ ಪೋಣಿಸುತ್ತಿದ್ದೆ. ಇದ್ದಕ್ಕಿದ್ದಂತೆ ಬಂದು ಬಾಗಿಲಲ್ಲಿ ನಿಂತಳು. ತಲೆತುಂಬ ನಾರಿನ ಎಳೆ, ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ನನ್ನನ್ನ ಕರೆದ್ರು."

ಯಾರು, ಸಭೆಯ ಹಿರಿಯ ಡೀಕನ್ನರ ಹೆಂಡತಿಯಾ, ಬಾಚಣಿಕೆಹಲಗೆ ಬೇಕಂತಾ, ಎಂದೆ. ಅವಳು ತಲೆಯಾಡಿಸಿದಳು. ಕೂತು ನಿಧಾನವಾಗಿ ಹೇಳಿದಳು. ಏನನ್ನೂ ಯೋಚಿಸುತ್ತಿರಲಿಲ್ಲವಂತೆ. ನಾರು ಸಿಕ್ಕುಬಿಡಿಸುತ್ತಿದ್ದಳಂತೆ. ಆಗ ಆ ವಾಕ್ಯ ಬಂತಂತೆ, ದೇವರು ತನ್ನವರನ್ನು ಹೆಸರು ಹಿಡಿದು ಕರೆಯುತ್ತಾನೆ, ಅವರು ತನ್ನವರೇ ಅನ್ನುತ್ತಾನೆ ಎಂಬ ವಾಕ್ಯ. ಓದಿದ ಹಾಗಲ್ಲ, ಯಾರೋ ಹಿಂದೆಯೇ ನಿಂತು ಹೇಳಿದ ಹಾಗೆ, ಹಲ್ಡಾ ಎಂದು ಅವಳ ಹೆಸರೂ ಸೇರಿಸಿ. ತಿರುಗಿ ನೋಡಿದರೆ ಹಸು ಬಿಟ್ಟು ಯಾರೂ ಇಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಸುರಿಯಿತು, ಜೊತೆಗೆ ನಗುವೂ ಬಂತು. ನನ್ನ ಕೈಯಲ್ಲಿ ಚಾಕು ಹಾಗೇ ನಿಂತಿತು. ನಿಜ ಹೇಳುತ್ತೇನೆ, ಆಗ ನನಗೆ ಅನ್ನಿಸಿದ್ದು ಒಂದೇ. ರೊಟ್ಟಿ ಸುಡುವವಳಿಗೆ ಹೋಗಿ ಕೊಟ್ಟೆಯಲ್ಲ ದೇವರೇ, ನಾನಿಲ್ಲಿ ಪಕ್ಕದ ಕೋಣೆಯಲ್ಲೇ ಇದ್ದೆನಲ್ಲ.

ಆಸಾಗೆ ಹೇಳಿದಾಗ ಅವರು ಕೈಯಲ್ಲಿದ್ದ ಕೊಡತಿ ಕೆಳಗಿಟ್ಟರು. ಕೆಲಸದ ನಡುವೆ ಅವರು ಕೊಡತಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಶುರುವಾಯಿತು ನೋಡಿ. ಬಾಯಿ ಬಿಡದ ಮನುಷ್ಯ ಒಲೆಯ ಮುಂದೆ ಕೂತು ಹಲ್ಡಾಗೆ ಹೇಳಿದ್ದೇ ಹೇಳಿದ್ದು. ತನಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಹೊಳೆಯ ಮಂಜುಗಡ್ಡೆಯ ಮೇಲೆ ನಡೆಯುವಾಗ ಕೃಪೆ ಬಂದದ್ದು, ಮಂಡಿ ಕುಸಿದು ಅಲ್ಲೇ ಕೂತದ್ದು, ಅಂದಿನಿಂದ ಯಾವ ಭಯವೂ ಇಲ್ಲದ್ದು. ನನಗೆ ಒಮ್ಮೆಯೂ ಹೇಳಿರಲಿಲ್ಲ. ನನಗೆ ಅರ್ಥವಾಗದೆಂದು ಇರಬೇಕು. ಹಲ್ಡಾ ಗಲ್ಲಕ್ಕೆ ಕೈ ಕೊಟ್ಟು, ಹೌದು ಭಾವ, ನಂಗೂ ಹಾಗೇ ಆಯ್ತು ಭಾವ, ಅನ್ನುವಳು. ನಾನು ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತ ಮೂಕಿಯಂತೆ ಕೂತಿರುವೆ. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇರಲಿಲ್ಲ, ಕೆಟ್ಟ ಬಾಯಿಯವರು ಬಾಯಿ ಮುಚ್ಚಿಕೊಳ್ಳಲಿ. ಕೆಟ್ಟದ್ದಿದ್ದರೆ ಜುಟ್ಟು ಹಿಡಿದು ಹೊರಗೆ ಹಾಕುತ್ತಿದ್ದೆ. ಒಳ್ಳೆಯದನ್ನು ಹೇಗೆ ಹೊರಗೆ ಹಾಕುವುದು? ಗಂಡ ಅವಳೊಡನೆ ಸ್ವರ್ಗದ ಮಾತಾಡುತ್ತಾನೆ, ನನ್ನೊಡನೆ ಗಂಜಿಯ ಮಾತಾಡುತ್ತಾನೆ ಎಂದು ಯಾವ ನ್ಯಾಯಾಧೀಶನಿಗೆ ದೂರು ಕೊಡಲಿ?

ಪಾದ್ರಿಗಳು ಹಲ್ಡಾಳ ಸಾಕ್ಷಿ ಬರೆದುಕೊಂಡರು. ಎರಡು ಸಬ್ಬತ್ ದಿನ ಅವಳ ಹೆಸರನ್ನು ಸಭೆಯಲ್ಲಿ ಕೂಗಿದರು. ಯಾರಿಗಾದರೂ ತಕರಾರು ಇದ್ದರೆ ಬಂದು ಹೇಳಲಿ, ಇಲ್ಲದಿದ್ದರೆ ಮುಂದಿನ ಭೋಜನಕ್ಕೆ ಅವಳು ಮೇಜಿಗೆ ಸೇರುತ್ತಾಳೆ ಎಂದು. ಅವಳಿಗೊಂದು ಹೊಸ ಟೊಪ್ಪಿಗೆ ಬೇಕಲ್ಲ ಜೆರೂಶಾ ಎಂದರು ಆಸಾ. ಒಳ್ಳೆಯ ನಾರುಬಟ್ಟೆ ತೆಗೆದು ನಾನೇ ಹೊಲಿದೆ. ಒಂದೊಂದು ಹೊಲಿಗೆಗೂ ನನಗೆ ಕಾಣುತ್ತಿದ್ದದ್ದು ಒಂದೇ ನೋಟ. ನಾನು ಏಳುತ್ತೇನೆ, ಮಕ್ಕಳು ಆಳುಗಳ ಹಿಂದೆ ಹೊರಗೆ ನಡೆಯುತ್ತೇನೆ. ನನ್ನ ಗಂಡ ಒಳಗೆ. ನನ್ನ ತಂಗಿ ಒಳಗೆ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡವಳು ಕೂತಲ್ಲಿ ಕೂರುವುದು ಹೇಗೆ?

ಎರಡನೆಯ ಸಬ್ಬತ್ತಿನ ಮಾರನೆಯ ದಿನ ಪಾದ್ರಿಗಳ ಮನೆಗೆ ಬೆಣ್ಣೆ ಕೊಡಲು ಹೋಗಿದ್ದೆ. ಚಾಡಿ ಹೇಳಲು ಹೋಗಿರಲಿಲ್ಲ, ಬೆಣ್ಣೆ ಕೊಡಲು. ಪಾದ್ರಿ ವಿಲ್‌ಬೋರ್ ಬರೆಯುತ್ತ ಕೂತಿದ್ದರು. ತೆಳ್ಳಗಿನ, ಬಿಗಿಯಾದ, ಸುಳ್ಳು ಗೊತ್ತಿಲ್ಲದ ಮನುಷ್ಯ. ಕೂರಿಸಿ, ಮನೆಯ ಯಜಮಾನಿ ನೀವು, ನಿಮ್ಮ ಮಾತೂ ಬೇಕು ಎಂದು ವಾಡಿಕೆಯ ಪ್ರಶ್ನೆಗಳನ್ನು ಕೇಳಿದರು. ಹಲ್ಡಾ ಹೇಳಿದ್ದು ಕೇಳುತ್ತಾಳಾ, ಸುಳ್ಳು ಹೇಳುತ್ತಾಳಾ, ಎಂದೆಲ್ಲ. ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟೆ. ಕೊನೆಗೆ, ಕಾಗದದಿಂದ ತಲೆಯನ್ನೂ ಎತ್ತದೆ, ಇನ್ನೊಂದು ಕೇಳಿದರು.

"ಆ ವಾಕ್ಯ ಅವತ್ತು ಮನೇಲಿ ಯಾರಾದ್ರೂ ಓದಿದ್ರಾಮ್ಮಾ?"

ಇಲ್ಲ ಅನ್ನಬೇಕಾಗಿತ್ತು. ಎರಡಕ್ಷರಕ್ಕಿಂತ ಹೆಚ್ಚಿಲ್ಲ.

"ಓದಿದ್ದೆ ಅಯ್ಯನವರೇ. ಬೆಳಿಗ್ಗೆ ನಾನೇ ಗಟ್ಟಿಯಾಗಿ ಓದಿದ್ದೆ. ಅವಳು ಒಲೆ ಹತ್ರಾನೇ ಇದ್ಲು."

ಅವರ ಲೇಖನಿ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸ್ ತೆಗೆದುಕೊಳ್ಳಲು ನನಗೆ ಅಲ್ಲೇ ಕೂತು ಎಣಿಸುವಷ್ಟು ಹೊತ್ತು ಇತ್ತು. ತೆಗೆದುಕೊಳ್ಳಲಿಲ್ಲ. ಬೆಣ್ಣೆಯ ಗಡಿಗೆ ಖಾಲಿ ಮಾಡಿಸಿಕೊಂಡು ಮನೆಗೆ ಬಂದೆ.

ಅದೇ ಸಂಜೆ ಪಾದ್ರಿಗಳು ನಮ್ಮ ಮನೆಗೆ ಬಂದರು. ಹಲ್ಡಾಳನ್ನು ಬೈಯಲಿಲ್ಲ. ಮಗಳೇ, ನಿನ್ನ ತಪ್ಪೇನೂ ಇಲ್ಲ, ಕಿವಿ ಕೇಳಿಸಿಕೊಂಡದ್ದನ್ನು ಮನಸ್ಸು ಆಮೇಲೆ ಎತ್ತಿ ಕೊಡುತ್ತದೆ, ಸೈತಾನ ಅದಕ್ಕೆ ದೇವರ ಬಟ್ಟೆ ಹಾಕುತ್ತಾನೆ, ಎಷ್ಟೋ ಜನ ಹೀಗೆ ಮೋಸಹೋಗಿದ್ದಾರೆ, ಎಂದರು. ಹಲ್ಡಾ ಅವರ ಮಾತು ಕೇಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಓದಿದ್ಯಾ ಅಕ್ಕ?"

"ಓದಿದ್ದೆ."

"ನಂಗೆ ನೆನಪೇ ಇಲ್ವಲ್ಲ."

"ನೀನು ಕಿಟಕೀಲಿ ನೋಡ್ತಾ ನಿಂತಿದ್ದೆ."

ಅದು ಎಂಥ ಸುಳ್ಳು ನೋಡಿ. ಅವಳು ದಿನವೂ ಕಿಟಕಿಯಲ್ಲಿ ನೋಡುತ್ತ ನಿಲ್ಲುವವಳೇ. ಅವಳು ಹಣೆ ಗಂಟಿಕ್ಕಿ ಆ ಬೆಳಿಗ್ಗೆಯನ್ನು ಹುಡುಕಿದಳು, ಕಳೆದ ಸೂಜಿ ಹುಡುಕುವವರ ಹಾಗೆ. ನಮ್ಮ ಜನ ಹೀಗೆಯೇ. ತಮ್ಮ ಮನಸ್ಸನ್ನು ತಾವೇ ನಂಬಬಾರದು ಎಂದು ಮಗುವಾಗಿದ್ದಾಗಿನಿಂದ ಕಲಿಸಿರುತ್ತಾರೆ. ಅಕ್ಕ ಸುಳ್ಳು ಹೇಳಿದ್ದಾಳೆ ಎಂಬ ಅನುಮಾನಕ್ಕಿಂತ, ತನ್ನ ಮನಸ್ಸೇ ಸುಳ್ಳು ಹೇಳಿದೆ ಎಂಬ ಅನುಮಾನ ಅವಳಿಗೆ ಸುಲಭವಾಗಿ ಬಂತು. ಕೊನೆಗೆ, ನನ್ನ ಹೆಸರು ತೆಗೆದುಬಿಡಿ ಅಯ್ಯನವರೇ, ಎಂದಳು. ಆಸಾ ಎದ್ದು ಪೀಪಾಯಿ ಕೊಟ್ಟಿಗೆಗೆ ಹೋದರು.

ಭೋಜನದ ದಿನ ಪ್ರಸಂಗ ಮುಗಿಯಿತು. ನಾನು ಎದ್ದೆ, ಹಲ್ಡಾನೂ ಎದ್ದಳು, ಇಬ್ಬರೂ ಹೊರಗೆ ಬಂದೆವು. ಸ್ವರ್ಗಕ್ಕೆ ಮೂರೇ ಗೇಣು ಎನ್ನುತ್ತಾರಲ್ಲ, ನನಗೆ ಹಾಗೇ ಆಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಚಳಿ ನನಗೆ ಚಳಿ ಅನ್ನಿಸಲಿಲ್ಲ. ಅವಳು ಹೊಸ ಟೊಪ್ಪಿಗೆ ಹಾಕಿಕೊಂಡಿರಲಿಲ್ಲ. ನನ್ನ ತೋಳು ಹಿಡಿದು ನಿಂತಳು. ಒಳಗೆ ಕೀರ್ತನೆ ಶುರುವಾದಾಗ ಅವಳ ಬೆರಳು ಬಿಗಿಯಾದವು. ನಾನು ಅವಳ ಕೈ ತಟ್ಟಿದೆ, ಸಮಾಧಾನ ಮಾಡುವವಳ ಹಾಗೆ.

ಸಂತೋಷ ಎಷ್ಟು ದಿನ? ಒಂದು ತಿಂಗಳೂ ಇಲ್ಲ. ಹಲ್ಡಾ ನಗುವುದನ್ನು ಬಿಟ್ಟಳು. ರೊಟ್ಟಿ ಸುಡುವುದನ್ನೂ ಬಿಟ್ಟಳು. ಒಲೆಯ ಮುಂದೆ ನಿಂತು ಕಣ್ಣು ಕೀಳದೆ ಕಾಯುವಳು, ಸರಿಯಾಗಿ ಬೆಂದ ರೊಟ್ಟಿ ತೆಗೆಯುವಳು, ತಾನು ಮಾತ್ರ ತಿನ್ನಲೊಲ್ಲಳು. ಊರಿಗೆಲ್ಲ ಮರುಕ. ಡೀಕನ್ನರ ಹೆಂಡತಿ ಜೇನು ತಂದಳು. ಮುದುಕಿಯರು ಬಂದು ಅವಳ ಪಕ್ಕ ಕೂತು ಪ್ರಾರ್ಥನೆ ಮಾಡಿದರು. ಆಸಾ ಊಟದ ಪ್ರಾರ್ಥನೆಯಲ್ಲಿ ಈಗ ಮೊದಲು ಹಲ್ಡಾಳ ಹೆಸರು ಹೇಳುವರು, ಆಮೇಲೆ ನೆನಪಾದರೆ ನನ್ನ ಕಲ್ಲುಮನಸ್ಸಿನ ವಿಷಯ. ಹನ್ನೊಂದು ವರ್ಷ ನಾನು ಹೊರಗೆ ನಿಂತೆ, ಒಬ್ಬರು ಒಂದು ಚಮಚ ಜೇನು ತರಲಿಲ್ಲ. ಅವಳು ಒಮ್ಮೆ ನಿಂತದ್ದಕ್ಕೆ ಊರೇ ಅಳುತ್ತದೆ. ಅವಳ ಸುಖಕ್ಕೆ ಹೊಟ್ಟೆ ಉರಿದವಳಿಗೆ ಅವಳ ದುಃಖಕ್ಕೂ ಹೊಟ್ಟೆ ಉರಿಯಿತು ಎಂದರೆ ನೀವು ನಂಬುತ್ತೀರಾ? ನಂಬಿ. ಉರಿಯಿತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ನೂಲುತ್ತಿದ್ದೆವು. ಅವಳ ಕೈಮಣಿಕಟ್ಟು ಕಡ್ಡಿಯಂತಾಗಿತ್ತು. ತಿನ್ನು ಅಂತ ಎಷ್ಟು ಸಲ ಹೇಳಬೇಕು ನಿಂಗೆ, ಸಾಯ್ತೀಯ, ಎಂದು ರೇಗಿದೆ. ಅವಳು ರಾಟೆ ನಿಲ್ಲಿಸಿ ನನ್ನ ಹತ್ತಿರ ಬಂದು ನೆಲದ ಮೇಲೆ ಕೂತಳು. ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ನನ್ನ ಮಡಿಲಲ್ಲಿ ತಲೆಯಿಟ್ಟಳು.

"ನಿನ್ನ ಮೇಲೆ ಸಿಟ್ಟಿದೆ ಅಂದ್ಕೊಂಡಿದ್ಯಾ ಅಕ್ಕ? ಇಲ್ಲ. ಕೃಪೆ ಇಲ್ದೆ ಆ ರೊಟ್ಟಿ ತಿಂದೋರು ನರಕಾನೇ ತಿಂದ ಹಾಗೆ ಅಂತ ಅಯ್ಯನವರು ಹೇಳ್ತಾರಲ್ಲ. ನೀನು ಹೇಳ್ದೇ ಇದ್ದಿದ್ರೆ ತಿಂದುಬಿಡ್ತಿದ್ದೆ. ತಂಗಿ ಅಂತ ಬಾಯಿ ಮುಚ್ಕೊಳ್ದೆ ನಿಜ ಹೇಳ್ದೆಯಲ್ಲ, ಅಷ್ಟು ಯಾರು ಮಾಡ್ತಾರೆ. ನೀನೇ ನನ್ನ ಕಾಪಾಡಿದ್ದು."

ಆ ಮಾತು ನನ್ನನ್ನು ಸೀಳಿಹಾಕಿತು. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಸರಿಹೋಗುತ್ತಿತ್ತು. ಅವಳ ತಲೆ ನನ್ನ ಮಡಿಲಲ್ಲಿ ಎಷ್ಟು ಹಗುರವಾಗಿತ್ತೆಂದರೆ ನನಗೆ ಭಯವಾಯಿತು. ಅವಳನ್ನು ಎಬ್ಬಿಸಿ ಕೂರಿಸಿ, ನಾನು ಓದಿರಲಿಲ್ಲ ಹಲ್ಡಾ, ಸುಳ್ಳು ಹೇಳಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ, ಎಂದೆ. ಅವಳು ನನ್ನ ಮುಖ ನೋಡಿ ಸಣ್ಣದಾಗಿ ನಕ್ಕು, ಬಿಡಕ್ಕ, ಎಂದಳು. ಮಗುವಿಗೆ ಹೇಳುವ ಹಾಗೆ.

ಮೇಲುಹೊದಿಕೆಯನ್ನೂ ಹಾಕಿಕೊಳ್ಳದೆ ಪಾದ್ರಿಗಳ ಮನೆಗೆ ಓಡಿದೆ. ನಾನು ಓದಿರಲಿಲ್ಲವೆಂದು ಅವರಿಗೂ ಹೇಳಿದೆ. ಅವರು, ನೀನು ಸುಳ್ಳು ಹೇಳಿದ್ದು ಸಭೆಯ ವಿಷಯದಲ್ಲಿ, ಒಪ್ಪಿಕೊಳ್ಳುವುದೂ ಸಭೆಯ ಮುಂದೆಯೇ, ಎಂದರು. ಒಪ್ಪಿದೆ. ಆ ರಾತ್ರಿ ಆಸಾಗೂ ಹೇಳಿದೆ. ಅವರು ನನ್ನನ್ನು ಹೊಡೆಯಲಿ ಎಂದು ಆಸೆಪಟ್ಟೆ. ಅವರು ಮೇಜಿನ ಮೇಲಿನ ತಮ್ಮ ಕೈಗಳನ್ನೇ ನೋಡುತ್ತ ಕೂತರು.

ಮುಂದಿನ ಸಬ್ಬತ್ ದಿನ ನಡುದಾರಿಯಲ್ಲಿ ಒಬ್ಬಳೇ ನಿಂತೆ. ನನ್ನ ತಪ್ಪೊಪ್ಪಿಗೆಯನ್ನು ಪಾದ್ರಿಗಳು ಓದಿದರು. ಸುಳ್ಳು ಎಂದು ಓದಿದರು, ಅಸೂಯೆ ಎಂದು ಓದಿದರು, ಸ್ವಂತ ತಂಗಿಯ ಆತ್ಮಕ್ಕೆ ದ್ರೋಹ ಎಂದು ಓದಿದರು. ಎಲ್ಲರ ಕಣ್ಣೂ ನನ್ನ ಬೆನ್ನು ಚುಚ್ಚುತ್ತಿತ್ತು. ನಾನು ಗಟ್ಟಿ ಹೆಂಗಸು, ತಲೆ ಎತ್ತಿಯೇ ನಿಂತಿದ್ದೆ. ಆಮೇಲೆ ಹೆಂಗಸರ ಸಾಲಿನಲ್ಲಿ ಹಲ್ಡಾಳ ಮುಖ ಕಂಡಿತು. ಅವಳು ನನಗಾಗಿ ಅಳುತ್ತಿದ್ದಳು. ಅಷ್ಟೇ ನೋಡಿ. ನೆಲಕ್ಕೆ ಬಿದ್ದು ಅತ್ತೆ. ಮೂವತ್ತೈದು ವರ್ಷದ ಅಳುವೆಲ್ಲ ಒಟ್ಟಿಗೆ ಬಂತು. ನಿಲ್ಲಿಸು ಎಂದರೂ ನಿಲ್ಲಲಿಲ್ಲ, ಕರುಣೆ ತೋರು ಎಂದಷ್ಟೇ ಬಡಬಡಿಸುತ್ತಿದ್ದೆನಂತೆ.

ಆಗ ಆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಡೀಕನ್ನರ ಹೆಂಡತಿ ಬಂದು ನನ್ನನ್ನು ಎತ್ತಿದಳು. ಯಾರೋ ಕೃಪೆ, ಕೃಪೆ ಎಂದರು. ಪಾದ್ರಿಗಳ ಕಣ್ಣೂ ಒದ್ದೆ. ಮುರಿದ ಹೃದಯಕ್ಕಿಂತ ದೊಡ್ಡ ಗುರುತಿಲ್ಲ, ದೇವರು ಈ ಕಲ್ಲನ್ನು ನಮ್ಮ ಕಣ್ಣೆದುರೇ ಒಡೆದ, ಎಂದು ಅವರು ಸಭೆಗೆ ಹೇಳಿದರು. ಡೀಕನ್ ಹಾಲ್‌ಬೆಕ್ ಒಬ್ಬರೇ ಗೊಣಗಿದರು, ಸುಳ್ಳುಗಾತಿಗೆ ಬಹುಮಾನವೇ ಎಂದು. ಅವರ ಗೊಣಗಾಟ ಯಾರಿಗೂ ಬೇಕಾಗಿರಲಿಲ್ಲ. ಎರಡು ವಾರ ನನ್ನ ಹೆಸರು ಕೂಗಿದರು, ತಕರಾರು ಬರಲಿಲ್ಲ. ಮನೆಯಲ್ಲಿ ಆಸಾ ಮೊದಲ ಸಲ ನನ್ನ ಕೈ ಹಿಡಿದು ಒಲೆಯ ಮುಂದೆ ಕೂತರು. ಮಂಜುಗಡ್ಡೆಯ ಮೇಲೆ ಕೃಪೆ ಬಂದ ಕಥೆಯನ್ನು ನನಗೂ ಹೇಳಿದರು. ನಾನು ಹೊಸದಾಗಿ ಕೇಳುವವಳ ಹಾಗೆ ಕೇಳಿದೆ.

ನನಗೆ ಬಂದದ್ದು ಕೃಪೆಯೇ ಎಂದು ನನ್ನನ್ನು ಕೇಳಬೇಡಿ. ಪಾದ್ರಿಗಳಿಗೂ ಹೇಳಿದ್ದೆ, ವಾಕ್ಯ ಯಾವುದೂ ಕೇಳಲಿಲ್ಲ ಎಂದು. ಅವರು ಅದು ಎಲ್ಲರಿಗೂ ಕೇಳಬೇಕೆಂದಿಲ್ಲ ಎಂದರು. ಈ ಮಾತನ್ನು ಅವರು ಹನ್ನೊಂದು ವರ್ಷದ ಹಿಂದೆ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಲ್ಡಾಳ ಹೆಸರನ್ನೂ ಮತ್ತೆ ಕೂಗೋಣ, ಅಡ್ಡಿ ಹೋಯಿತಲ್ಲ, ಎಂದು ಪಾದ್ರಿಗಳು ಮನೆಗೆ ಬಂದರು. ಅವಳು ನೂಲುವುದನ್ನು ನಿಲ್ಲಿಸಿ ಮರ್ಯಾದೆಯಿಂದ ಎದ್ದು ನಿಂತಳು. ಬೇಡ ಎಂದಳು. ಯಾಕೆ ಎಂದು ಅವರು ಕೇಳಿದರು.

"ಅಕ್ಕ ಓದಿದ್ಲು ಅಯ್ಯನವರೇ. ಮೊದಲು ನೆನಪಿರ್ಲಿಲ್ಲ. ದಿನಾ ಹುಡುಕಿದೆ, ಈಗ ಸಿಕ್ತು. ಸೇಬು ಹೆಚ್ಚೋಕೆ ಮುಂಚೆ, ಮೇಜಿನ ಹತ್ರ ನಿಂತು ಓದಿದ್ಲು. ನಾನು ಕಿಟಕೀಲಿದ್ದೆ. ಅವಳ ದನಿ ನನ್ನ ಕಿವೀಲಿದೆ."

ನಾನು ಓದಿಲ್ಲ, ಆಣೆಮಾಡಿ ಹೇಳುತ್ತೇನೆ ಓದಿಲ್ಲ, ಎಂದು ಕೂಗಿದೆ. ಆಸಾ ಅವಳ ಮುಂದೆ ಮಂಡಿಯೂರಿ ಬೇಡಿದರು. ಹಲ್ಡಾ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಎರಡು ಕೈಯಿಂದ ನನ್ನ ಮುಖ ಹಿಡಿದಳು. ನನಗೋಸ್ಕರ ಊರವರೆಲ್ಲರ ಮುಂದೆ ಸುಳ್ಳುಗಾತಿ ಅನ್ನಿಸ್ಕೊಂಡೆಯಲ್ಲ ಅಕ್ಕ, ಇಷ್ಟು ಪ್ರೀತಿ ಇಟ್ಕೊಂಡಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ, ಎಂದಳು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದವಳು ನಿಜವನ್ನು ಎಷ್ಟು ಸಲ ಹೇಳಿದರೂ ನಂಬಲಿಲ್ಲ.

ಭೋಜನದ ದಿನ ನಾನು ಒಳಗೆ ಉಳಿದೆ. ಅವಳು ಎದ್ದು ಹೋದಳು. ಆಸಾ ಯಾಕೆ ನನ್ನತ್ತ ನೋಡುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ನಾನೂ ಅವಳತ್ತ ನೋಡಲಿಲ್ಲ. ಚಳಿಗೆ ರೊಟ್ಟಿಯ ಚೂರು ಕಲ್ಲಾಗಿ ತಟ್ಟೆಯಲ್ಲಿ ಸದ್ದು ಮಾಡುತ್ತಿತ್ತು. ತಿಂದೆ. ಅದಾದ ಮೇಲೆ ನಲವತ್ತೆರಡು ವರ್ಷ ತಿಂದಿದ್ದೇನೆ, ಆರು ವಾರಕ್ಕೊಮ್ಮೆ. ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಕೊಟ್ಟಿಗೆಯಲ್ಲಿ ಅವಳಿಗೆ ಬಂದದ್ದು ನಿಜವಾಗಿತ್ತು ಎಂದು ಈ ಲೋಕದಲ್ಲಿ ಖಂಡಿತವಾಗಿ ಬಲ್ಲವಳು ನಾನೊಬ್ಬಳೇ. ಈಗಲೂ ಕೆಲವೊಮ್ಮೆ ಹೊಟ್ಟೆ ಉರಿಯುತ್ತದೆ.

ಹಲ್ಡಾ ಮದುವೆಯಾಗಲಿಲ್ಲ. ಬರಬರುತ್ತ ಮತ್ತೆ ಊಟ ಮಾಡಲು ಕಲಿತಳು, ನಗಲು ಕಲಿಯಲಿಲ್ಲ. ನಮ್ಮ ಜೊತೆಯೇ ಇದ್ದಳು, ಆಸಾ ಹೋದ ಮೇಲೆ ನನ್ನ ಜೊತೆ. ಬಾಸ್ಟನ್ನಿನಿಂದ ರಾಜನ ಸಿಪಾಯಿಗಳು ಹಡಗು ಹತ್ತಿ ಹೋದ ವರ್ಷ, ಮಾರ್ಚಿನಲ್ಲಿ ಹಾಸಿಗೆ ಹಿಡಿದಳು. ಎದೆಯ ಜ್ವರ. ಏಳನೆಯ ದಿನ ಬೆಳಿಗ್ಗೆ ಬಿಸಿಲು ಬಿದ್ದಾಗ ನನ್ನನ್ನು ಹತ್ತಿರ ಕರೆದಳು. ಅವಳಿಗೆ ಅರವತ್ತು, ನನಗೆ ಎಪ್ಪತ್ತೊಂದು. ಭಯವಾಗುತ್ತದೆ ಅಕ್ಕ, ಎಂದಳು. ನನಗೆ ತಡೆಯಲಾಗಲಿಲ್ಲ. ಮತ್ತೊಮ್ಮೆ ಹೇಳಿದೆ. ಅವತ್ತು ನಿನ್ನನ್ನು ಕರೆದದ್ದು ನಿಜ, ನಾನು ಓದಿರಲಿಲ್ಲ, ಈಗಲಾದರೂ ನಂಬು ನನ್ನ ತಾಯಿ, ಎಂದು ಅವಳ ಕಾಲು ಹಿಡಿದೆ. ಅವಳು ಹಾಸಿಗೆಯ ಮೇಲೆ ತಡವುತ್ತ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಆ ವಾಕ್ಯ ಒಂದ್ಸಲ ಓದಕ್ಕ. ಅವತ್ತು ಓದಿದ ಹಾಗೇ."

ವೇದದ ಪುಸ್ತಕ ತಂದೆ. ಪುಟ ಹುಡುಕಬೇಕಾಗಿರಲಿಲ್ಲ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದೆ. ಓದುತ್ತ ಅವಳ ಹೆಸರನ್ನೂ ಸೇರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಎಷ್ಟೋ ವರ್ಷದ ಮೇಲೆ ಅವಳ ಮುಖದ ಮೇಲೆ ಆ ಹಳೆಯ ನಗುವಿನಂಥದ್ದು ಬಂತು.

"ಹೌದು. ಇದೇ ದನಿ," ಎಂದಳು.

ಆ ವಾಕ್ಯವನ್ನು ನಾನು ಅವಳೆದುರು ಓದಿದ್ದು ಅದೇ ಮೊದಲು.